ಕರೆ ಕೇಳಿಸದ ಕಣಿವೆಗಳು

ಆಷಾಢದ ಮಳೆ ಹಿಡಿದು ಎರಡು ದಿನ ಕಳೆಯಿತೆಂದರೆ ನಮ್ಮ ಕಣಿವೆಯ ಊರುಗಳಲ್ಲಿ ಮೊದಲು ಹೋಗುವುದು ವಿದ್ಯುತ್ತು. ಅದರ ಬೆನ್ನಿಗೇ, ಕೆಲವು ಗಂಟೆಗಳ ಅಂತರದಲ್ಲಿ, ಮೊಬೈಲಿನ ರೇಂಜೂ ಹೋಗುತ್ತದೆ. ಆಮೇಲೆ ಯಾರ ಮನೆಯ ಹಿಂದೆ ಧರೆ ಕುಸಿಯಿತು, ಯಾವ ಕಾಲುಸಂಕ ಹಳ್ಳದ ಪಾಲಾಯಿತು, ಆಚೆ ದಡದ ಒಂಟಿಮನೆಯ ಅಜ್ಜಿ ಹೇಗಿದ್ದಾರೆ ಎಂಬುದನ್ನು ತಿಳಿಯಬೇಕಾದರೆ ಕಂಬಳಿಕೊಪ್ಪೆ ಹೊದ್ದು ನಡೆದೇ ಹೋಗಬೇಕು. ಇಪ್ಪತ್ತೈದು ವರ್ಷಗಳ ಹಿಂದೆ ಹೀಗಿರಲಿಲ್ಲವೆಂದರೆ ಇಂದಿನ ವಿದ್ಯಾರ್ಥಿಗಳು ನಂಬಲಾರರು. ಆಗ ಹತ್ತು ಮನೆಗಳ ಪೈಕಿ ಎರಡರಲ್ಲೋ ಮೂರರಲ್ಲೋ ಮಾತ್ರ ಇದ್ದ ಸ್ಥಿರ ದೂರವಾಣಿ, ವಾರಗಟ್ಟಲೆ ಕರೆಂಟಿಲ್ಲದಿದ್ದರೂ ಮಾತನಾಡುತ್ತಿತ್ತು. ಕಾರಣ ಸರಳವಾದುದು. ಆ ಪೆಟ್ಟಿಗೆಗೆ ಬೇಕಾದ ಶಕ್ತಿ ಮನೆಯ ಮೀಟರಿನಿಂದಲ್ಲ, ವಿನಿಮಯ ಕೇಂದ್ರದ 48 ವೋಲ್ಟಿನ ಬ್ಯಾಟರಿ ಸಾಲಿನಿಂದ, ಮಾತು ಹರಿಯುವ ಅದೇ ತಾಮ್ರದ ತಂತಿಯಲ್ಲಿ ಬರುತ್ತಿತ್ತು. ಮರ ಬಿದ್ದು ತಂತಿ ಹರಿಯದಿದ್ದರೆ ಸಾಕಿತ್ತು. ಮರ ಬೀಳುವುದು ಅಪರೂಪವೇನಾಗಿರಲಿಲ್ಲವೆನ್ನಿ; ಆದರೆ ಲೈನ್‌ಮನ್ ಎಂಬ ಒಬ್ಬ ಮನುಷ್ಯನಿದ್ದ, ಅವನ ಮನೆ ಎಲ್ಲಿದೆಯೆಂದು ನಮಗೆ ಗೊತ್ತಿತ್ತು.

ಪರಿಸರದ ಪತ್ರಿಕೆಗೆ ದೂರಸಂಪರ್ಕ ಉದ್ಯಮದ ಗೊಡವೆ ಏಕೆಂದು ಕೆಲವು ಹಿರಿಯ ಓದುಗರು ಕೇಳಬಹುದು. ಕಾಡು, ಸೊಪ್ಪಿನಬೆಟ್ಟ, ಕೆರೆಗಳನ್ನು ಕಾಯುವವರು ಊರಿನಲ್ಲಿ ಉಳಿದ ಜನ. ಆ ಜನ ಊರು ಬಿಡಲು ಕೊಡುವ ಕಾರಣಗಳಲ್ಲಿ ಆಸ್ಪತ್ರೆ, ಶಾಲೆ, ರಸ್ತೆಗಳ ಸಾಲಿಗೆ ಈಗ ನೆಟ್‌ವರ್ಕೂ ಸೇರಿದೆ. ಬೆಂಗಳೂರಿನಲ್ಲಿರುವ ಮಗ, ಊರಿನಲ್ಲಿ ಇಂಟರ್ನೆಟ್ ಸರಿಯಿದ್ದಿದ್ದರೆ ಮನೆಯಲ್ಲೇ ಕುಳಿತು ಕೆಲಸ ಮಾಡಿಕೊಂಡು ತೋಟ ನೋಡಿಕೊಳ್ಳುತ್ತಿದ್ದೆ ಎನ್ನುವ ಮಾತಿನಲ್ಲಿ ನೆಪ ಎಷ್ಟು, ನಿಜ ಎಷ್ಟು ಎಂದು ಅಳೆಯುವುದು ಕಷ್ಟ. ಪೂರ್ತಿ ನೆಪವಲ್ಲವೆಂಬುದಂತೂ ಖಂಡಿತ.

ಈ ಉದ್ಯಮದ ಕಥೆಯಲ್ಲಿ ಕರ್ನಾಟಕದ ಹಳ್ಳಿಗೆ ಒಂದು ಗೌರವದ ಸ್ಥಾನವಿದೆ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ದೂರವಾಣಿನಗರವೆಂಬ ಬಡಾವಣೆಯ ಹೆಸರು ಅದರದೇ ಕೊಡುಗೆ. ಆದರೂ ಎಂಬತ್ತರ ದಶಕದವರೆಗೆ ದೂರವಾಣಿಯೆಂಬುದು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾದ ವಸ್ತುವಾಗಿತ್ತು. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುತುವರ್ಜಿಯಿಂದ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ ವಿಜ್ಞಾನಿಗಳು, ಹೊರದೇಶದ ದೊಡ್ಡ ಯಂತ್ರಗಳನ್ನು ನಕಲು ಮಾಡುವುದನ್ನು ಬಿಟ್ಟು, ನಮ್ಮ ಹಳ್ಳಿಯ ಸೆಕೆ, ಧೂಳು, ಏರಿಳಿಯುವ ವಿದ್ಯುತ್ತುಗಳನ್ನು ತಾಳಿಕೊಳ್ಳುವ, ಹವಾನಿಯಂತ್ರಣ ಬೇಡದ 128 ಸಂಪರ್ಕಗಳ ಒಂದು ಸಣ್ಣ ವಿನಿಮಯ ಕೇಂದ್ರವನ್ನು ರೂಪಿಸಿದರು. ಅದು ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಮುಂದಿನ ಹದಿನೈದು ವರ್ಷಗಳಲ್ಲಿ ದೇಶದ ಸಹಸ್ರಾರು ಹಳ್ಳಿಗಳಿಗೆ, ಬಸ್ ನಿಲ್ದಾಣದ ಪಕ್ಕದ ಹಳದಿ ಫಲಕದ ಎಸ್‌ಟಿಡಿ ಬೂತುಗಳಿಗೆ ಧ್ವನಿ ಕೊಟ್ಟದ್ದು ಈ ಬಗೆಯ ಯಂತ್ರಗಳು. ಕೃಷಿ ಸಂಶೋಧನೆಯಲ್ಲಿ ನಾವು ಹೇಳುವ ಮಾತೊಂದಿದೆ: ತಳಿ ಎಷ್ಟೇ ಒಳ್ಳೆಯದಾಗಿರಲಿ, ನೆಲಕ್ಕೆ ಒಗ್ಗಬೇಕು. ಕಿತ್ತೂರಿನ ಆ ಯಂತ್ರ ನೆಲಕ್ಕೆ ಒಗ್ಗಿದ ತಳಿ.

ನಂತರದ್ದು ಬೇರೆಯೇ ವೇಗ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರೊಡನೆ ದೇಶದ ಮೊದಲ ಮೊಬೈಲ್ ಮಾತನ್ನಾಡಿದರು. ಆಗ ನಿಮಿಷವೊಂದಕ್ಕೆ 16 ರೂಪಾಯಿಯಷ್ಟು ದರ, ಒಳಬರುವ ಕರೆಗೂ ಹಣ. ಹರಾಜಿನಲ್ಲಿ ಮೈಮರೆತು ಕೂಗಿದ ಕಂಪನಿಗಳು ಪರವಾನಗಿ ಶುಲ್ಕ ಕಟ್ಟಲಾರದೆ ಕುಸಿಯುವ ಹಂತ ತಲುಪಿದಾಗ, 1999ರ ಹೊಸ ನೀತಿಯು ನಿಗದಿತ ಶುಲ್ಕದ ಬದಲು ಆದಾಯದಲ್ಲಿ ಪಾಲು ಕೊಟ್ಟರೆ ಸಾಕೆಂದಿತು. 2000ದ ಅಕ್ಟೋಬರಿನಲ್ಲಿ ಇಲಾಖೆಯ ಸೇವೆಗಳು ಬಿಎಸ್‌ಎನ್‌ಎಲ್ ಎಂಬ ಕಂಪನಿಯ ಕೈಗೆ ಹೋದವು. 2003ರ ಮೇ ತಿಂಗಳಿನಿಂದ ಒಳಬರುವ ಕರೆ ಉಚಿತವಾಯಿತು. ಮೊಬೈಲು ಸಾಮಾನ್ಯನ ಜೇಬಿಗೆ ಇಳಿದದ್ದು ಆ ಒಂದು ನಿರ್ಧಾರದಿಂದ ಎಂಬುದು ನನ್ನ ಅಭಿಪ್ರಾಯ. ಕೂಲಿಗೆ ಹೋದ ಗಂಡಸು ಮನೆಗೆ ಒಂದು ಮಿಸ್ಡ್ ಕಾಲ್ ಕೊಟ್ಟು, ಕಾಸಿಲ್ಲದೆ ಕ್ಷೇಮಸಮಾಚಾರ ತಿಳಿಸುವುದನ್ನು ಕಲಿತ. 2000ದ ಮಾರ್ಚ್‌ನಲ್ಲಿ ಇಡೀ ದೇಶದಲ್ಲಿದ್ದ ಮೊಬೈಲ್ ಸಂಪರ್ಕಗಳು 20 ಲಕ್ಷಕ್ಕೂ ಕಡಿಮೆ. ಇಂದು ಎಲ್ಲ ಬಗೆಯ ಸಂಪರ್ಕಗಳು ಸೇರಿ 120 ಕೋಟಿಯ ಆಸುಪಾಸಿನಲ್ಲಿವೆ.

ಇದರಿಂದ ರೈತನಿಗೆ ಲಾಭವಾಗಲಿಲ್ಲವೆನ್ನುವುದು ಅಪ್ರಾಮಾಣಿಕತೆಯಾದೀತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರು ಉತ್ತರ ಕೇರಳದ ಕಡಲತೀರದಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ವಿದ್ಯಾರ್ಥಿಗಳು ಓದಬೇಕು. ಮೊಬೈಲು ಬರುವ ಮುನ್ನ ಬೂತಾಯಿ ತುಂಬಿದ ದೋಣಿ ತನ್ನೂರಿನ ದಡಕ್ಕೆ ಬಂದು, ಕೊಳ್ಳುವವರಿಲ್ಲದೆ ಮೀನನ್ನು ಕಡಲಿಗೆ ಚೆಲ್ಲುತ್ತಿದ್ದಾಗ, ಕೆಲವೇ ಮೈಲಿ ದೂರದ ಮತ್ತೊಂದು ದಡದಲ್ಲಿ ಮೀನಿಲ್ಲದೆ ಜನ ಕಾಯುತ್ತಿದ್ದರು. ಮೊಬೈಲು ಬಂದ ಮೇಲೆ ದೋಣಿಯಲ್ಲಿದ್ದಾಗಲೇ ಬೆಲೆ ಕೇಳಿ ದಡ ಆಯುವುದು ಸಾಧ್ಯವಾಯಿತು. ಮೀನುಗಾರನ ಲಾಭವೂ ಏರಿತು, ಗಿರಾಕಿಯ ಬೆಲೆಯೂ ಇಳಿಯಿತು. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್ ಕನ್ನಡದಲ್ಲಿಯೇ ಉತ್ತರಿಸುತ್ತದೆ. ನನ್ನದೇ ವೃತ್ತಿಯ ಮಾತು ಹೇಳುವುದಾದರೆ, ಕೊಳೆರೋಗ ತಗುಲಿದ ಅಡಿಕೆಗೊನೆಯ ಅಥವಾ ಎಲೆಚುಕ್ಕೆ ಬಂದ ಸೋಗೆಯ ಚಿತ್ರ ಬೆಳಗಿನ ಹೊತ್ತಿಗೆ ನನ್ನ ಫೋನಿಗೆ ಬಂದರೆ, ಮಳೆ ಹೊಳವಾದ ಆ ಎರಡು ಗಂಟೆಯೊಳಗೆ ಬೋರ್ಡೋ ಸಿಂಪಡಣೆ ಮಾಡಬೇಕೋ ಬೇಡವೋ ಎಂದು ಹೇಳಬಲ್ಲೆ. ಚಿತ್ರ ಮೂರನೆಯ ದಿನ ಬಂದರೆ ನನ್ನ ಡಾಕ್ಟರೇಟಿನಿಂದ ಆ ತೋಟಕ್ಕೆ ಪ್ರಯೋಜನವಿಲ್ಲ. ಬರುತ್ತಿರುವುದು ಬಹುಪಾಲು ಮೂರನೆಯ ದಿನವೇ, ಏಕೆಂದರೆ ಕಳುಹಿಸುವವರು ರೇಂಜ್ ಸಿಗುವ ಗುಡ್ಡದ ತಲೆಗೆ ಹೋಗಬೇಕು.

ಹಾಗಾದರೆ ಕೋಟಿಗಟ್ಟಲೆ ಸಂಪರ್ಕಗಳ ಈ ನಾಡಿನಲ್ಲಿ ನಮ್ಮ ಕಣಿವೆಗಳೇಕೆ ಮೂಕವಾಗಿವೆ? ಒಂದು ಉತ್ತರ ಭೌತಶಾಸ್ತ್ರದ್ದು. 900 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 33 ಸೆಂಟಿಮೀಟರು; ಅದು ಗುಡ್ಡದ ಅಂಚಿನಲ್ಲಿ ಕೊಂಚ ಬಾಗಿ, ಎಲೆಗಳ ನಡುವೆ ನುಸುಳಿ, ದೂರ ಸಾಗುತ್ತದೆ. 700ರದು ಇನ್ನೂ ಮೇಲು. ಆದರೆ ಹೆಚ್ಚು ಮಾಹಿತಿ ಹೊರುವ 2300 ಅಥವಾ 3500 ಮೆಗಾಹರ್ಟ್ಸ್ ತರಂಗಗಳು ಗೇಣುದ್ದಕ್ಕೂ ಕಡಿಮೆ. ಒದ್ದೆಯಾದ ದಟ್ಟ ಎಲೆಮೇಲಾವರಣ ಅವನ್ನು ಹೀರಿಕೊಂಡುಬಿಡುತ್ತದೆ. ನಗರಕ್ಕೆ ಹೇಳಿಮಾಡಿಸಿದ ತರಂಗಾಂತರ ನಿತ್ಯಹರಿದ್ವರ್ಣ ಕಾಡಿಗೆ ಒಗ್ಗುವುದಿಲ್ಲ. ಮಳೆಯೇ ರೇಂಜನ್ನು ತಿನ್ನುತ್ತದೆಂಬ ನಂಬಿಕೆ ನಮ್ಮಲ್ಲಿದೆ. ಗೋಪುರದಿಂದ ಕೈಫೋನಿಗೆ ಬರುವ ತರಂಗಕ್ಕೆ ಮಳೆಹನಿಯಿಂದ ಆಗುವ ಬಾಧೆ ಅತ್ಯಲ್ಪ. ಬಾಧೆಯಾಗುವುದು ಗೋಪುರದಿಂದ ಗೋಪುರಕ್ಕೆ ಮಾತು ಸಾಗಿಸುವ ಮೈಕ್ರೋವೇವ್ ಕೊಂಡಿಗೆ, ಅದಕ್ಕಿಂತ ಮಿಗಿಲಾಗಿ ಗೋಪುರದ ಬ್ಯಾಟರಿಗೆ. ಹಳೆಯ ಬ್ಯಾಟರಿ, ಡೀಸೆಲ್ಲಿಲ್ಲದ ಜನರೇಟರು ಇದ್ದಲ್ಲಿ ಕರೆಂಟು ಹೋದ ಕೆಲವೇ ತಾಸುಗಳಲ್ಲಿ ಗೋಪುರ ಬರಿಯ ಕಬ್ಬಿಣವಾಗುತ್ತದೆ.

ಇನ್ನೊಂದು ಉತ್ತರ ಲೆಕ್ಕಪತ್ರದ್ದು. ಬಯಲುಸೀಮೆಯ ಒಂದು ಗೋಪುರದಡಿ ಐದಾರು ಸಾವಿರ ಜನ ಸಿಕ್ಕಬಹುದಾದರೆ, ಗುಡ್ಡಕ್ಕೊಂದು ಮನೆಯಿರುವ ನಮ್ಮಲ್ಲಿ ಇನ್ನೂರು ಜನರೂ ಸಿಗುವುದಿಲ್ಲ. ಕಂಪನಿ ಲಾಭ ನೋಡುವುದು ತಪ್ಪಲ್ಲ. ಈ ಕೊರತೆಯನ್ನು ತುಂಬಲೆಂದೇ ಸರ್ಕಾರ 2002ರಲ್ಲಿ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯನ್ನು ಸ್ಥಾಪಿಸಿ, 2003ರ ಕಾಯಿದೆ ತಿದ್ದುಪಡಿಯಿಂದ ಅದಕ್ಕೆ ಶಾಸನದ ಬಲ ಕೊಟ್ಟಿತು. ಕಂಪನಿಗಳ ಆದಾಯದ ಶೇ. 5ರಷ್ಟು ಅಲ್ಲಿಗೆ ಹೋಗುತ್ತದೆ. ಅಂದರೆ ನಾವು ನೀವು ಮಾಡುವ ಪ್ರತಿ ರೀಚಾರ್ಜಿನ ಒಂದಂಶ. 2024ರಲ್ಲಿ ಇದರ ಹೆಸರು ಡಿಜಿಟಲ್ ಭಾರತ್ ನಿಧಿ ಎಂದಾಯಿತು. ಸಂಗ್ರಹವಾದ ಹಣದ ದೊಡ್ಡ ಭಾಗ ವರ್ಷಗಟ್ಟಲೆ ವೆಚ್ಚವಾಗದೆ ಉಳಿದದ್ದನ್ನು ಮಹಾಲೇಖಪಾಲರ ವರದಿಗಳೂ ಎತ್ತಿ ತೋರಿಸಿವೆ. ಪಂಚಾಯತಿಗಳಿಗೆ ಗಾಜಿನ ತಂತಿ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆತಾಗ ಎರಡು ವರ್ಷದಲ್ಲಿ ಎರಡೂವರೆ ಲಕ್ಷ ಪಂಚಾಯತಿಗಳನ್ನು ಮುಟ್ಟುವ ಮಾತಿತ್ತು. ಭಾರತ್‌ನೆಟ್ ಎಂಬ ಹೊಸ ಹೆಸರು ಹೊತ್ತು ಅದು ಮೊದಲ ಒಂದು ಲಕ್ಷವನ್ನು ತಲುಪಿದ್ದು 2017ರ ಕೊನೆಯಲ್ಲಿ. 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆ ಬಂದಿದೆ.

ನಷ್ಟವಾದರೂ ಗುಡ್ಡ ಹತ್ತುತ್ತಿದ್ದುದು ಸರ್ಕಾರಿ ಸಂಸ್ಥೆಯೊಂದೇ. ಹಳ್ಳಿಯ ಸ್ಥಿರ ದೂರವಾಣಿಯ ಕೊರತೆ ತುಂಬಲು ಇತರ ಕಂಪನಿಗಳಿಂದ 2003ರಿಂದ ಬಿಎಸ್‌ಎನ್‌ಎಲ್‌ಗೆ ಸಲ್ಲುತ್ತಿದ್ದ ಶುಲ್ಕ 2008ರಲ್ಲಿ ನಿಂತಿತು. ಅದೇ ವರ್ಷದ ಜನವರಿಯಲ್ಲಿ 122 ಪರವಾನಗಿಗಳನ್ನು 2001ರ ದರದಲ್ಲಿಯೇ ಹಂಚಿದ ಪ್ರಕರಣ ನಡೆಯಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವೆಲ್ಲವನ್ನೂ ರದ್ದುಪಡಿಸಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಎಲ್ಲ ಆರೋಪಿಗಳು 2017ರಲ್ಲಿ ವಿಶೇಷ ನ್ಯಾಯಾಲಯದಿಂದ ಬಿಡುಗಡೆಯಾದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮಾತು ಪುಕ್ಕಟೆ, ಡೇಟಾ ಅಗ್ಗ ಎಂದಾಗ ನಾವೆಲ್ಲ ಹಿಗ್ಗಿದೆವು. ಆ ಅಗ್ಗದ ಸ್ಪರ್ಧೆಯಲ್ಲಿ ಏರ್‌ಸೆಲ್, ರಿಲಯನ್ಸ್ ಕಮ್ಯೂನಿಕೇಷನ್ಸ್ ದಿವಾಳಿಯಾದವು; ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು. 1999ರಲ್ಲಿ ‘ಆದಾಯದಲ್ಲಿ ಪಾಲು’ ಎಂದಿದ್ದರಲ್ಲ, ಆದಾಯವೆಂದರೆ ಯಾವುದು ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, ಬಡ್ಡಿ ಬಾಡಿಗೆಗಳೂ ಸೇರುತ್ತವೆಂದು 2019ರ ಅಕ್ಟೋಬರಿನಲ್ಲಿ ತೀರ್ಪಾಯಿತು. ಆ ಬಾಕಿಯ ಭಾರ ಹೊತ್ತ ವೊಡಾಫೋನ್ ಐಡಿಯಾದಲ್ಲಿ 2025ರ ಏಪ್ರಿಲ್ ಹೊತ್ತಿಗೆ ಸರ್ಕಾರವೇ ಶೇ. 49ರಷ್ಟು ಪಾಲುದಾರನಾಗಬೇಕಾಯಿತು. ಒಂದು ಕಾಲಕ್ಕೆ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದ ಮಾರುಕಟ್ಟೆಯಲ್ಲಿ ಈಗ ಉಳಿದದ್ದು ಮೂರು ಖಾಸಗಿ ಕಂಪನಿಗಳು ಮತ್ತು ಬಿಎಸ್‌ಎನ್‌ಎಲ್.

ಬಿಎಸ್‌ಎನ್‌ಎಲ್‌ನ ಸ್ಥಿತಿಯೋ? 2020ರ ಜನವರಿ 31ರಂದು ಒಂದೇ ದಿನ ಅದರ ಸುಮಾರು 78 ಸಾವಿರ ನೌಕರರು, ಅರ್ಧಕ್ಕೂ ಹೆಚ್ಚು ಮಂದಿ, ಸ್ವಯಂನಿವೃತ್ತಿ ಪಡೆದು ಮನೆಗೆ ಹೋದರು. ಮೇಲೆ ಹೇಳಿದ ಲೈನ್‌ಮನ್ ಅವರೊಳಗೊಬ್ಬ. ಆತನಿಗೆ ಮಾತ್ರ ಗೊತ್ತಿದ್ದ ಕೇಬಲ್ಲಿನ ಜಾಡು ಆತನೊಂದಿಗೇ ಹೋಯಿತು. ಇತರರು 2012ರಿಂದ 4ಜಿ ಕೊಡಲಾರಂಭಿಸಿದರೆ, ಬಿಎಸ್‌ಎನ್‌ಎಲ್‌ಗೆ ದೇಶವ್ಯಾಪಿಯಾಗಿ ಅದು ದಕ್ಕಿದ್ದು 2025ರ ಸೆಪ್ಟೆಂಬರಿನಲ್ಲಿ. ಇಲ್ಲೊಂದು ಸಮಾಧಾನದ ಸಂಗತಿಯನ್ನೂ ಹೇಳಬೇಕು: ಆ 4ಜಿ ಯಂತ್ರಗಳು ಸ್ವದೇಶದವು. ಕಿತ್ತೂರಿನ ಯಂತ್ರವನ್ನು ಮಾಡಿದ ಅದೇ ಸಿ-ಡಾಟ್, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಮತ್ತು ಟಿಸಿಎಸ್ ಸೇರಿ ರೂಪಿಸಿದವು. ಸಂಪರ್ಕವೇ ಇಲ್ಲದ 24,680 ಹಳ್ಳಿಗಳಿಗೆ ಗೋಪುರ ನಿಲ್ಲಿಸುವ 26,316 ಕೋಟಿ ರೂಪಾಯಿಯ ಯೋಜನೆಯನ್ನು 2022ರಲ್ಲಿ ವಹಿಸಿದ್ದೂ ಬಿಎಸ್‌ಎನ್‌ಎಲ್‌ಗೇ. ಗೋಪುರ ನಿಲ್ಲಿಸುವುದಕ್ಕೆ ಗುತ್ತಿಗೆದಾರ ಸಿಗುತ್ತಾನೆ. ಶ್ರಾವಣದ ನಡುರಾತ್ರಿ ಅದನ್ನು ದುರಸ್ತಿ ಮಾಡುವವನನ್ನು ಎಲ್ಲಿಂದ ತರುತ್ತಾರೆಂಬುದು ಕಡತದಲ್ಲಿ ಕಾಣಿಸುವುದಿಲ್ಲ.

ಸೌಕರ್ಯವಿಲ್ಲದಿರುವುದನ್ನು ಮಲೆನಾಡಿನವರು ಬಹುಕಾಲದಿಂದ ಸಹಿಸಿದ್ದಾರೆ. ಇನ್ನಷ್ಟು ಕಾಲ ಸಹಿಸಿಯಾರು. ಸಹಿಸಲಾಗದ್ದು ಬೇರೊಂದಿದೆ. ಸರ್ಕಾರ ನೆಟ್‌ವರ್ಕನ್ನು ಕೊಡುವುದಕ್ಕೆ ಮೊದಲೇ ಅದನ್ನು ಹಕ್ಕಿನ ಹೊಸ್ತಿಲಾಗಿ ಮಾಡಿಕೊಂಡಿತು. 2020 ಮತ್ತು 2021ರಲ್ಲಿ ಶಾಲೆಗಳು ಫೋನಿನೊಳಗೆ ಸೇರಿದಾಗ ನಮ್ಮ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ಬಂಡೆಯ ಮೇಲೆ, ಕಾಡಂಚಿನ ಅಟ್ಟಣಿಗೆಗಳಲ್ಲಿ ಕುಳಿತು ಪಾಠ ಕೇಳಿದರು. ಉಂಬಳ ಹತ್ತಿದ ಕಾಲಿನಲ್ಲಿ ರಕ್ತ ಇಳಿಯುತ್ತಿದ್ದರೂ ಪರದೆಯ ಮೇಲಿನ ಹಾಜರಿ ತಪ್ಪಬಾರದೆಂದು ಕುಳಿತ ಹುಡುಗಿಯರನ್ನು ನಾನು ಕಂಡಿದ್ದೇನೆ. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲವೆಂಬ ಫಲಕಗಳು ಮಲೆನಾಡಿನ ಹಳ್ಳಿಗಳಲ್ಲಿ ಎದ್ದದ್ದು ಆ ಸಿಟ್ಟಿನಲ್ಲಿ. ಸೊಸೈಟಿಯ ಅಕ್ಕಿಗೆ ಬೆರಳಚ್ಚು ಬೇಕು, ಬೆರಳಚ್ಚಿಗೆ ಸರ್ವರ್ ಬೇಕು. ಬೆಳೆ ಸಮೀಕ್ಷೆಗೆ ಹೊಲದಲ್ಲೇ ನಿಂತು ಆ್ಯಪ್‌ನಲ್ಲಿ ಚಿತ್ರ ತೆಗೆಯಬೇಕು. ಉದ್ಯೋಗ ಖಾತರಿ ಕೆಲಸಗಾರರ ಹಾಜರಿ 2023ರ ಜನವರಿಯಿಂದ ಮೊಬೈಲ್ ಚಿತ್ರದ ಮೂಲಕ ಕಡ್ಡಾಯವಾಯಿತು. ಬೆಂಗಳೂರಿನ ಅಥವಾ ದೆಹಲಿಯ ಕೋಣೆಯಲ್ಲಿ ಕುಳಿತು ಆ್ಯಪ್ ಬರೆದವನಿಗೆ, ಹಳ್ಳದಾಚೆಯ ಎರಡೆಕರೆ ಗದ್ದೆಯ ಒಡತಿಗೆ ಓಟಿಪಿ ಬರಬೇಕಾದರೆ ಆಕೆ ಮೂರು ಮೈಲಿ ನಡೆದು, ಓಟಿಪಿಯ ಅವಧಿ ಮುಗಿಯುವುದರೊಳಗೆ ಹಿಂದಿರುಗಬೇಕೆಂಬುದು ತಿಳಿಯದು.

ಹಣದ ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇನೆ. 2005ರ ಕೊನೆಯಲ್ಲಿ 999 ರೂಪಾಯಿ ಕೊಟ್ಟರೆ ಜೀವಮಾನವಿಡೀ ಒಳಬರುವ ಕರೆ ಎಂದು ಮಾರಿದರು. 2018ರ ಕೊನೆಗೆ ಕನಿಷ್ಠ ರೀಚಾರ್ಜ್ ಮಾಡದಿದ್ದರೆ ಒಳಬರುವ ಕರೆಯೂ ಇಲ್ಲವೆಂದರು. ‘ತಿಂಗಳು’ ಎಂಬುದು 28 ದಿನವಾಯಿತು, ವರ್ಷಕ್ಕೆ ಹದಿಮೂರು ತಿಂಗಳಾದವು. ಮಗಳ ಕರೆಗಾಗಿ ಮಾತ್ರ ಫೋನಿಟ್ಟುಕೊಂಡ ವೃದ್ಧೆ, ತಾನೆಂದೂ ಬಳಸದ ಡೇಟಾಕ್ಕೆ ಹಣ ತೆರುತ್ತಾ ಬಂದರು. ಮಾತು ಮತ್ತು ಸಂದೇಶಕ್ಕೆ ಮಾತ್ರವಾದ ಪ್ರತ್ಯೇಕ ಯೋಜನೆ ಇರಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಆದೇಶಿಸಿದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿ ಪಡೆಯಿರಿ.

ಇನ್ನು ನಮ್ಮೊಳಗಿನ ಮಾತು. ಬೃಹತ್ ಯೋಜನೆಗಳನ್ನು ವಿರೋಧಿಸುತ್ತ ಬಂದ ನಮ್ಮ ಬಳಗದೊಳಗೇ ಗೋಪುರದ ವಿಷಯದಲ್ಲಿ ಎರಡು ಮನಸ್ಸಿದೆ. ಗುಬ್ಬಿಗಳು ಕಾಣೆಯಾದದ್ದು, ಜೇನು ಕಡಿಮೆಯಾದದ್ದು ಗೋಪುರದ ವಿಕಿರಣದಿಂದ ಎಂದು ಭಾಷಣ ಮಾಡುವವರು ನಮ್ಮಲ್ಲಿದ್ದಾರೆ. ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಇದನ್ನು ಒಪ್ಪಲಾರೆ. 2012ರ ಸೆಪ್ಟೆಂಬರಿನಿಂದ ಭಾರತದ ವಿಕಿರಣ ಮಿತಿಯು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗ. ಜೇನಿನ ಕುಸಿತಕ್ಕೆ ಕೀಟನಾಶಕ, ರೋಗ, ಹೂಗಿಡಗಳ ನಾಶದಂತಹ ಬಲವಾದ ಕಾರಣಗಳು ಕಣ್ಣೆದುರಿವೆ. ರುಜುವಾತಿಲ್ಲದ ದೂರನ್ನು ಮುಂದೊಡ್ಡಿದರೆ, ರುಜುವಾತಿರುವ ದೂರಿಗೂ ಕಿವಿಗೊಡುವವರಿರುವುದಿಲ್ಲ. ರುಜುವಾತಿರುವುದು ಡೀಸೆಲ್ಲಿನ ಬಗ್ಗೆ. ಗೋಪುರವೊಂದರ ಜನರೇಟರು ಗಂಟೆಗೆ ಸುಮಾರು 2 ಲೀಟರ್ ಕುಡಿಯುತ್ತದೆಂದೂ ದೇಶದ ಗೋಪುರಗಳೆಲ್ಲ ಸೇರಿ ವರ್ಷಕ್ಕೆ 200 ಕೋಟಿ ಲೀಟರ್ ಸುಡುತ್ತವೆಂದೂ 2011ರಲ್ಲಿ ಟ್ರಾಯ್ ಲೆಕ್ಕ ಹಾಕಿತ್ತು. ಗ್ರಾಮೀಣ ಗೋಪುರಗಳಲ್ಲಿ ಅರ್ಧದಷ್ಟನ್ನು 2015ರೊಳಗೆ ಸೌರ ಮುಂತಾದ ಮಿಶ್ರಶಕ್ತಿಗೆ ತರಬೇಕೆಂಬ ನಿರ್ದೇಶನ 2012ರಲ್ಲಿ ಹೊರಟಿತು. ನಮ್ಮ ಮೂರು ತಿಂಗಳ ಕಾರ್ಮೋಡದಲ್ಲಿ ಸೌರಫಲಕದಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಆದರೆ ಅದೇ ಮೂರು ತಿಂಗಳು ಪ್ರತಿ ಝರಿಯೂ ಧುಮ್ಮಿಕ್ಕುತ್ತದೆ. ಒಂದು ಕಿಲೋವ್ಯಾಟಿನ ಆಸುಪಾಸಿನ ಕಿರು ಜಲಘಟಕಗಳನ್ನು ಮಲೆನಾಡಿನ ಎಷ್ಟೋ ಮನೆಗಳು ತಾವೇ ನಡೆಸುತ್ತಿವೆ. ಸಣ್ಣ ಗೋಪುರವೊಂದಕ್ಕೆ ಬೇಕಾದದ್ದು ಒಂದೆರಡು ಕಿಲೋವ್ಯಾಟು. ಗೋಪುರ ಗುಡ್ಡದ ಮೇಲೆ, ಝರಿ ಕೆಳಗೆ ಎಂಬ ತೊಡಕಿದೆ, ತಂತಿ ಎಳೆಯುವ ಖರ್ಚಿದೆ. ಆದರೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ನಿಜವಾದ ಪ್ರಾಜೆಕ್ಟ್ ಆದೀತು.

ಗೋಪುರದ ಕಾಲೂರಲು ಬೇಕಾದ ಜಾಗ ಅರ್ಧ ಗುಂಟೆಯಷ್ಟು. ಹಾನಿ ಮಾಡುವುದು ಅದಕ್ಕಾಗಿ ಗುಡ್ಡದ ಮಗ್ಗುಲನ್ನು ಸೀಳಿ ಮಾಡುವ ಜೆಸಿಬಿ ರಸ್ತೆ. ಕಡಿದಾದ ಇಳಿಜಾರಿನಲ್ಲಿ ಅಂಥ ಒಂದು ಕೊರೆತ ಸಾಕು, ನಾಲ್ಕನೆಯ ಮಳೆಗಾಲದಲ್ಲಿ ಇಡೀ ಧರೆ ತೋಟಕ್ಕಿಳಿಯಲು. ಆದ್ದರಿಂದ ನಮ್ಮ ನಿಲುವು ಹೀಗೆ: ಗೋಪುರ ಬರಲಿ, ಈಗಿರುವ ರಸ್ತೆಯಂಚಿನಲ್ಲಿ, ಶಾಲೆ ಪಂಚಾಯತಿಗಳ ಜಾಗದಲ್ಲಿ ಬರಲಿ, ಒಂದು ಗುಡ್ಡಕ್ಕೆ ಮೂರು ಕಂಪನಿಗಳ ಮೂರು ಗೋಪುರ ಬೇಡ, ಒಂದನ್ನೇ ಎಲ್ಲರೂ ಹಂಚಿಕೊಳ್ಳಲಿ, ಕಾಡಿನ ಊರುಗಳಿಗೆ 700, 900ರ ತರಂಗಾಂತರವನ್ನೇ ಬಳಸಲಿ. ಪಂಚಾಯತಿಯು ಒಪ್ಪಿಗೆಪತ್ರ ಕೊಡುವಾಗ, ಕರೆಂಟು ಹೋದ ಮೇಲೆ ಎಷ್ಟು ಗಂಟೆ ಗೋಪುರ ನಡೆಯಬೇಕು, ಕೆಟ್ಟರೆ ಯಾರ ಬಳಿ ಹೋಗಬೇಕು ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಲಿ. ಇದೆಲ್ಲ ಆಗುವ ತನಕ ಅಕ್ಕಿಗೆ, ಕೂಲಿಗೆ, ಬೆಳೆ ಪರಿಹಾರಕ್ಕೆ ಹಾಳೆಯ ಮೇಲಿನ ಸಹಿಯೂ ನಡೆಯುತ್ತದೆಂಬ ಲಿಖಿತ ಆದೇಶವನ್ನು ಜಿಲ್ಲಾಡಳಿತ ಹೊರಡಿಸಲಿ.

ಕೇಳುವುದಕ್ಕೆ ನಮ್ಮ ಬಳಿ ಲೆಕ್ಕವಿರಬೇಕು. ಕಂಪನಿಗಳು ಇಲಾಖೆಗೆ ಒಪ್ಪಿಸುವ ನಕ್ಷೆಯಲ್ಲಿ ನಮ್ಮ ಊರುಗಳಲ್ಲಿ ಎಷ್ಟೋ ಈಗಾಗಲೇ ಸಂಪರ್ಕ ಪಡೆದ ಊರುಗಳು. ಅದನ್ನು ಅಲ್ಲಗಳೆಯಲು ದಿನಾಂಕ ಸಹಿತವಾದ ದಾಖಲೆ ಬೇಕು. ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ಊರಿನಲ್ಲಿ ಒಬ್ಬರು, ಪ್ರೌಢಶಾಲೆಯ ಹುಡುಗ ಹುಡುಗಿಯರಾದರೆ ಇನ್ನೂ ಒಳ್ಳೆಯದು, ಮಳೆ ಮಾಪನದ ಪುಸ್ತಕದ ಪಕ್ಕದ ಕಾಲಂನಲ್ಲಿಯೇ ಬರೆಯಲಿ: ಕರೆಂಟು ಹೋದದ್ದು ಎಷ್ಟು ಹೊತ್ತಿಗೆ, ರೇಂಜ್ ಹೋದದ್ದು ಎಷ್ಟು ಹೊತ್ತಿಗೆ, ಮರಳಿ ಬಂದದ್ದು ಯಾವಾಗ, ಯಾವ ಗೋಪುರ. ಪುಸ್ತಕವನ್ನು ಅಕ್ಟೋಬರಿನಲ್ಲಿ ಬಳಗದ ಕಚೇರಿಗೆ ತಲುಪಿಸಿ. ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸಿದರೂ ಸರಿ.